ಕೆಲಸ ಬಿಡದೆ, ಖುಷಿಗೆ ವಿಮಾನ ಹಾರಿಸುವವರು ಇದ್ದೀರಾ? ದಾವಣಗೆರೆ, ಚಿತ್ರದುರ್ಗದವರ ಅನುಭವ ಬೇಕು

ಕೇಳಿದವರು: ಹೋಟೆಲ್ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಅಪ್ಪನ ಬೆಣ್ಣೆದೋಸೆ ಹೋಟೆಲ್ ನೋಡಿಕೊಳ್ಳುತ್ತಿದ್ದೇನೆ. ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹಚ್ಚುತ್ತೇವೆ. ಹನ್ನೊಂದರ ತನಕ ಕಾವಲಿ ಬಿಟ್ಟು ಆಚೆ ಬರೋಕಾಗಲ್ಲ.

ಚಿಕ್ಕಂದಿನಿಂದ ವಿಮಾನ ಹಾರಿಸಬೇಕು ಅಂತ ಆಸೆ. ಏರ್‌ಲೈನ್ ಕೆಲಸ ಬೇಡ. ಹೋಟೆಲ್ ಬಿಡುವ ಮನಸ್ಸೂ ಇಲ್ಲ. ರಜೆ ದಿನ ಚಿಕ್ಕ ವಿಮಾನ ಹಾರಿಸಿ ಬಂದು, ಮಾರನೆ ದಿನ ಮತ್ತೆ ದೋಸೆ ಹುಯ್ಯಬೇಕು. ಮನೆಯಲ್ಲಿ ಹೇಳಿದರೆ "ಅದೆಲ್ಲ ಕೋಟ್ಯಧಿಪತಿಗಳಿಗೆ, ಇಲ್ಲಾಂದ್ರೆ ಪೈಲಟ್ ಓದಿದವರಿಗೆ" ಅಂತಾರೆ. ನಮ್ಮ ಕಡೆಯವರು ಯಾರಾದರೂ ಹವ್ಯಾಸಕ್ಕೆ ಹಾರಿಸುತ್ತಿದ್ದರೆ ಹೇಳಿ. ಹೊಟ್ಟೆಪಾಡಿಗೆ ಏನು ಮಾಡುತ್ತೀರಿ? ದುಡ್ಡು, ಸಮಯ ಹೇಗೆ ಹೊಂದಿಸಿದಿರಿ?

ಹಲ್ಲಿನ ಡಾಕ್ಟರ್, ದಾವಣಗೆರೆ

ತಂಗಿ, ಹದಿನಾರು ವರ್ಷದಿಂದ ಇದೇ ಊರಲ್ಲಿ ನನ್ನ ಕ್ಲಿನಿಕ್ ಇದೆ. ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಸಿಕ್ಕಿ ಆರು ವರ್ಷ ಆಯಿತು. ಈ ಲೈಸೆನ್ಸಿನಲ್ಲಿ ದುಡ್ಡು ತೆಗೆದುಕೊಂಡು ಹಾರಿಸುವ ಹಾಗಿಲ್ಲ. ಸ್ವಂತ ಖುಷಿಗೆ ಹಾರಿಸಬಹುದು. ನಿನಗೆ ಬೇಕಾಗಿರುವುದೂ ಅದೇ ಅಲ್ವಾ? ವಯಸ್ಸು 17 ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಕಡಿಮೆ ಎಂದರೂ 40 ಗಂಟೆ ಹಾರಾಟ ಆಗಿರಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಬೇಕು, 200 ಗಂಟೆ ಬೇಕು ಅನ್ನೋದು ಕಮರ್ಷಿಯಲ್ ಲೈಸೆನ್ಸಿಗೆ. ಕಾಮರ್ಸ್ ಓದಿದವಳು ಅಂತ ಹಿಂಜರಿಯಬೇಡ.

ದುಡ್ಡಿನ ವಿಚಾರ ಮುಚ್ಚಿಡಲ್ಲ. ನನಗೆ ಗಂಟೆಗೆ ಹನ್ನೆರಡು ಸಾವಿರ ಬಿತ್ತು. 40 ಗಂಟೆಗೆ ಸರಿಯಾಗಿ ಮುಗಿಸುವವರು ಕಡಿಮೆ. ನನಗೆ 53 ಗಂಟೆ ಹಿಡಿಯಿತು. ಅಲ್ಲಿಗೇ ಆರು ಲಕ್ಷ ದಾಟಿತು. ಪರೀಕ್ಷೆ ಫೀಸು, ಮೆಡಿಕಲ್, ಬೆಂಗಳೂರಿನ ಓಡಾಟ, ರೂಮು ಬೇರೆ. ಈಗ ಇನ್ನೂ ಜಾಸ್ತಿಯೇ ಆಗುತ್ತೆ. ಹತ್ತು ವರ್ಷ ಹಳೇ ಕಾರಿನಲ್ಲೇ ಓಡಾಡಿದೆ. ಕೋಟಿ ಬೇಕಾಗಲಿಲ್ಲ.

ನಾನು ಮಾಡಿದ ಒಂದು ತಪ್ಪು ನೀನು ಮಾಡಬೇಡ. ಮೊದಲು ಸೇರಿದ ಕಡೆ, ರಿಯಾಯಿತಿ ಸಿಗುತ್ತೆ ಅಂತ ಪೂರ್ತಿ ದುಡ್ಡು ಒಂದೇ ಸಲ ಕಟ್ಟಿಬಿಟ್ಟೆ. ಮೂರನೇ ವಾರಕ್ಕೆ ವಿಮಾನ ರಿಪೇರಿಗೆ ನಿಂತಿತು. ಏಳು ತಿಂಗಳು ನಿಂತೇ ಇತ್ತು. ದುಡ್ಡು ವಾಪಸ್ ಬರಲು ಇನ್ನೊಂದು ವರ್ಷ ಅಲೆದೆ. ಹಾರಿದ ಗಂಟೆಗೆ ಮಾತ್ರ ಕಟ್ಟು. ಸೇರುವ ಮೊದಲು ಒಂದು ದಿನ ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ ಕೂತು, ನಿಜವಾಗಿ ಎಷ್ಟು ವಿಮಾನ ಮೇಲೆದ್ದವು ಅಂತ ಎಣಿಸು. ಗೋಡೆ ಮೇಲಿನ ಬೋರ್ಡಿಗಿಂತ ಆ ಲೆಕ್ಕ ನಂಬು.

ಇನ್ನು ಕೆಲಸದ ಮಾತು. ಅಮೆರಿಕದಲ್ಲಿ ಬೀಚ್‌ಕ್ರಾಫ್ಟ್ ಬೊನಾಂಜಾ ಅಂತ ಒಂದು ವಿಮಾನ. ಅದರ ಹಳೇ ಮಾದರಿಯ ಬಾಲ ‘ವಿ’ ಅಕ್ಷರದ ಹಾಗೆ ಕವಲಾಗಿತ್ತು. ‘ಡಾಕ್ಟರುಗಳನ್ನು ಕೊಲ್ಲುವ ಕವಲುಬಾಲ’ ಅಂತ ಅದಕ್ಕೆ ಅಡ್ಡಹೆಸರು ಬಿದ್ದಿತ್ತು. ಡಾಕ್ಟರುಗಳ ಹತ್ತಿರ ಅಂಥ ವೇಗದ ವಿಮಾನ ಕೊಳ್ಳಲು ದುಡ್ಡಿತ್ತು, ಅಭ್ಯಾಸ ಮಾಡಲು ಪುರುಸೊತ್ತಿರಲಿಲ್ಲ. ಈ ಮಾತು ನನ್ನ ತಲೆಯಿಂದ ಹೋಗಲ್ಲ. ಒಂದು ತಿಂಗಳು ಹಾರದೆ ಬಿಟ್ಟೆ ಅಂದರೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂರದೆ ನಾನು ಹಾರಲ್ಲ.

ಹಾರುವ ಮುಂಚೆ ರೆಕ್ಕೆಯ ಅಡಿಯ ಪುಟ್ಟ ವಾಲ್ವ್ ಒತ್ತಿ, ಗಾಜಿನಂಥ ಸಣ್ಣ ಲೋಟಕ್ಕೆ ಸ್ವಲ್ಪ ಪೆಟ್ರೋಲು ಹಿಡಿಯುತ್ತೇವೆ. ನಮ್ಮ ವಿಮಾನದ ಪೆಟ್ರೋಲು ತಿಳಿನೀಲಿ. ಬೆಳಕಿಗೆ ಎತ್ತಿ ಹಿಡಿದು ನೋಡಬೇಕು. ನೀರು ಸೇರಿದ್ದರೆ ತಳದಲ್ಲಿ ಮಣಿಯ ಹಾಗೆ ಗುಂಡಗೆ ಕೂತಿರುತ್ತೆ. ಆಗ ಅದನ್ನು ತೆಗೆದು ಮತ್ತೆ ಹಿಡಿಯಬೇಕು. ನೀರಿನ ಮಣಿ ಪೂರ್ತಿ ಹೋಗುವ ತನಕ ಇಂಜಿನ್ ಮುಟ್ಟುವ ಹಾಗಿಲ್ಲ. ದಿನವೂ ಉಪಕರಣ ಶುದ್ಧವಾಗಿದೆಯಾ ಅಂತ ನೋಡಿ ನೋಡಿ ನನಗೆ ಇದು ಸುಲಭವಾಗಿ ಬಂತು. ನೀನೂ ಬೆಳಿಗ್ಗೆ ಹಿಟ್ಟು ಎಷ್ಟು ಹುಳಿ ಬಂದಿದೆ ಅಂತ ಮೂಸಿಯೇ ಹೇಳ್ತೀಯಲ್ಲ, ಆ ಗಮನ ಇದ್ದರೆ ಸಾಕು.

ಲಾರಿ ಗ್ಯಾರೇಜ್, ಚಿತ್ರದುರ್ಗ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೈವೇ ಪಕ್ಕ ಗ್ಯಾರೇಜ್ ಇದೆ, ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಲೈಸೆನ್ಸ್ ಇನ್ನೂ ಬಂದಿಲ್ಲ. 31 ಗಂಟೆ ಆಗಿದೆ. ದುಡ್ಡು ಕೂಡಿದಾಗ ಹೋಗ್ತೀನಿ, ಎರಡು ಗಂಟೆ ಹಾರಿ ಬರ್ತೀನಿ. ಹಿಂಗೆ ಮೂರು ವರ್ಷ ಆಯಿತು. ಬಿಟ್ಟು ಬಿಟ್ಟು ಕಲಿತರೆ ಕಲಿತದ್ದು ಮರೆತುಹೋಗುತ್ತೆ, ಗಂಟೆ ಜಾಸ್ತಿ ಆಗುತ್ತೆ. ಒಟ್ಟಿಗೆ ದುಡ್ಡು ಮಾಡಿಕೊಂಡು ಒಂದೇ ಸಲ ಕಲಿ ತಂಗಿ. ನನ್ನ ಹಾಗೆ ಮಾಡಬೇಡ.

ಇಂಜಿನ್ ವಿಷಯ ನನಗೆ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಇಂಗ್ಲಿಷ್. ಪರೀಕ್ಷೆಯೂ ಅದರಲ್ಲೇ, ರೇಡಿಯೋ ಮಾತೂ ಅದರಲ್ಲೇ. ರೇಡಿಯೋದಲ್ಲಿ ಅಕ್ಷರಕ್ಕೊಂದು ಪದ. ಎ ಅಂದರೆ ಆಲ್ಫಾ, ಬಿ ಅಂದರೆ ಬ್ರಾವೋ, ಹಿಂಗೆ. ಬಾಯಿಪಾಠ ಮಾಡಿದರೆ ನಿಲ್ಲುತ್ತಿರಲಿಲ್ಲ. ಆಮೇಲೆ ಗ್ಯಾರೇಜಿಗೆ ಬರುವ ಲಾರಿ ನಂಬರ್ ಓದಲು ಶುರು ಮಾಡಿದೆ. ನಮ್ಮ ದುರ್ಗದ ಗಾಡಿ ಕೆಎ 16: ಕಿಲೋ ಆಲ್ಫಾ ವನ್ ಸಿಕ್ಸ್. ನಿಮ್ಮ ದಾವಣಗೆರೆಯದು ಕಿಲೋ ಆಲ್ಫಾ ವನ್ ಸೆವೆನ್. ತಮಿಳುನಾಡಿನ ಗಾಡಿ ಟ್ಯಾಂಗೋ ನವೆಂಬರ್. ಮಹಾರಾಷ್ಟ್ರದ್ದು ಮೈಕ್ ಹೋಟೆಲ್. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಅನ್ನಬೇಕು. ಗರಗರ ಸದ್ದಿನಲ್ಲಿ ಒಂದು ಅಂಕಿ ಇನ್ನೊಂದರ ಹಾಗೆ ಕೇಳಬಾರದು ಅಂತ ಹಿಂಗೆ ಮಾಡಿದ್ದಾರೆ. ಈ ಹೈವೇಯಲ್ಲಿ ಓಡಾಡದ ರಾಜ್ಯದ ಗಾಡಿ ಇಲ್ಲ. ಎರಡು ತಿಂಗಳಲ್ಲಿ ಎಲ್ಲ ನಾಲಿಗೆ ಮೇಲೆ ಬಂತು.

ಪಿಯು ಕಾಲೇಜು ಉಪನ್ಯಾಸಕ, ಚಿತ್ರದುರ್ಗ

ನನ್ನ ಸಂಬಳಕ್ಕೆ ವಿಮಾನ ಎಟಕಲಿಲ್ಲ. ಪ್ಯಾರಾಗ್ಲೈಡಿಂಗ್, ಅಂದರೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುವುದು, ಹಿಡಿದೆ. ಪುಣೆ ಹತ್ತಿರದ ಕಾಮ್‌ಶೆಟ್‌ನಲ್ಲಿ ಶುರುವಿನ ಕೋರ್ಸ್ ಮಾಡಿದೆ. ಆಮೇಲೆ ಹಿಮಾಚಲದ ಬೀರ್-ಬಿಲ್ಲಿಂಗ್‌ಗೆ ಎರಡು ಸಲ ಹೋಗಿ ಬಂದೆ. ಅಲ್ಲಿ ಅಕ್ಟೋಬರ್ ಒಳ್ಳೆಯ ಕಾಲ, ನಮಗೆ ದಸರಾ ರಜೆಯೂ ಆಗಲೇ. ಉಪನ್ಯಾಸಕನಿಗೆ ಇದಕ್ಕಿಂತ ಒಳ್ಳೆ ಹೊಂದಿಕೆ ಇಲ್ಲ. ಖರ್ಚು ವಿಮಾನ ಕಲಿಯುವುದರ ಹತ್ತಿರಕ್ಕೂ ಬರಲ್ಲ. ಆಕಾಶದಲ್ಲಿ ಇರುವುದೇ ಆಸೆಯಾದರೆ ಇದನ್ನೂ ಯೋಚನೆ ಮಾಡಮ್ಮ.

ಒಂದು ಎಚ್ಚರಿಕೆ. ನಮ್ಮೂರ ಹತ್ತಿರದ ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರ ತಿರುಗುವುದು ನೋಡಿ, "ಸರ್, ಇಲ್ಲೇ ಹಾರಬಹುದಲ್ವಾ" ಅಂತ ಹುಡುಗರು ಕೇಳ್ತಾರೆ. ಗಾಳಿಯಂತ್ರಕ್ಕೆ ಬೇಕಾದ ಜೋರು ಗಾಳಿ ಹೊಸಬರಿಗೆ ಆಗಿಬರಲ್ಲ. ಆ ರೆಕ್ಕೆಗಳ ಹಿಂದೆ ಗಾಳಿ ಸುರುಳಿ ಸುರುಳಿಯಾಗಿ ಒಡೆದಿರುತ್ತೆ. ಬಟ್ಟೆಯ ರೆಕ್ಕೆ ಅಂಥ ಕಡೆ ಮುದುಡಿಕೊಳ್ಳಬಹುದು. ಯೂಟ್ಯೂಬ್ ನೋಡಿ ಗುಡ್ಡ ಹತ್ತಬೇಡಿ. ಇದನ್ನು ಕೈಮುಗಿದು ಹೇಳ್ತೀನಿ.

ಹೋಟೆಲ್ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಾರಿ ನಂಬರಿನ ಉಪಾಯ ಬರೆದಿಟ್ಟುಕೊಂಡೆ ಅಣ್ಣಾ. ಇನ್ನೂ ಮೂರು ಕೇಳ್ತೀನಿ. ನನಗೆ ಕನ್ನಡಕ ಇದೆ, ಎರಡೂವರೆ ಪವರ್. ಆಗುತ್ತಾ? ಅಮ್ಮ ಹೆದರಿಕೊಂಡಿದ್ದಾರೆ, ಅವರಿಗೆ ಏನು ಹೇಳಲಿ? ಮೂರನೇದು, ಬೆಳಿಗ್ಗೆ ಹವೆ ಚೆನ್ನಾಗಿರುತ್ತೆ ಅಂತಾರೆ. ನಮ್ಮ ವ್ಯಾಪಾರವೂ ಬೆಳಿಗ್ಗೆಯೇ.

ಹಲ್ಲಿನ ಡಾಕ್ಟರ್, ದಾವಣಗೆರೆ

ಕನ್ನಡಕ ಹಾಕಿದಾಗ ಸರಿಯಾಗಿ ಕಂಡರೆ ಆಯಿತು. ನಾನೂ ಕನ್ನಡಕದವನೇ. ಬಣ್ಣ ಗುರುತಿಸುವ ಪರೀಕ್ಷೆ ಮಾತ್ರ ಮುಖ್ಯ. ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಒಪ್ಪಿರುವ ಡಾಕ್ಟರ ಹತ್ತಿರ ಎರಡನೇ ದರ್ಜೆಯ ಮೆಡಿಕಲ್ ಮಾಡಿಸು. ಬೇರೆ ಯಾವುದಕ್ಕೂ ಒಂದು ರೂಪಾಯಿ ಕೊಡುವ ಮೊದಲು ಇದು ಆಗಲಿ.

ಹತ್ತಿ ವ್ಯಾಪಾರಿಯ ಮನೆಯವರು, ದಾವಣಗೆರೆ

ನಿಮ್ಮಮ್ಮನ ಹೆದರಿಕೆ ನನಗೆ ಅರ್ಥ ಆಗುತ್ತೆ ಮಗಳೇ. ನಮ್ಮ ಯಜಮಾನರದು ಹತ್ತಿ ವ್ಯಾಪಾರ. ಐವತ್ತು ದಾಟಿದ ಮೇಲೆ ಹಾರಲು ಕಲಿತರು. ಬಟ್ಟೆ ಉದ್ಯಮದ ವಿಜಯಪತ್ ಸಿಂಘಾನಿಯಾ 1988ರಲ್ಲಿ ಲಂಡನ್ನಿಂದ ಭಾರತಕ್ಕೆ ಒಬ್ಬರೇ ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನದಲ್ಲಿ ಬಂದಿದ್ದರಲ್ಲ, ಆ ಸುದ್ದಿ ಓದಿದಾಗಿನಿಂದ ಇವರಿಗೆ ಅದೇ ಗುಂಗು. ಅದೇ ಸಿಂಘಾನಿಯಾ 2005ರಲ್ಲಿ, 67ನೇ ವಯಸ್ಸಿನಲ್ಲಿ, ಬಿಸಿಗಾಳಿ ಬಲೂನಿನಲ್ಲಿ ಸುಮಾರು 69 ಸಾವಿರ ಅಡಿ ಎತ್ತರಕ್ಕೆ ಏರಿದರು. ಇವರಿಗೆ ಇನ್ನೇನು ಬೇಕು.

ಮೊದಲ ವರ್ಷ ನಾನು ಫೋನ್ ಕೈಯಲ್ಲೇ ಹಿಡಿದು ಕೂತಿರುತ್ತಿದ್ದೆ. ಆಮೇಲೆ ಒಂದು ಸಲ ಅವರ ಜೊತೆ ಹೋದೆ. ಅವತ್ತು ಎಲ್ಲ ತಯಾರಾಗಿತ್ತು. ದೂರದಲ್ಲಿ ಮೋಡ ಕಪ್ಪಾಯಿತು. ಇವರು ಹತ್ತು ನಿಮಿಷ ನೋಡಿ, "ಇವತ್ತು ಬೇಡ" ಅಂತ ವಿಮಾನಕ್ಕೆ ಹಗ್ಗ ಕಟ್ಟಿಸಿ ಬಂದುಬಿಟ್ಟರು. ದಾವಣಗೆರೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋಗಿ, ಹಾರದೇ ವಾಪಸ್. ನನಗೆ ಧೈರ್ಯ ಬಂದದ್ದು ಅವತ್ತು. ನಿಮ್ಮಮ್ಮನನ್ನೂ ಒಂದು ದಿನ ಕರೆದುಕೊಂಡು ಹೋಗು. ಹಾರುವುದನ್ನು ನೋಡಲಿ, ಹಾರದೆ ಬರುವುದನ್ನೂ ನೋಡಲಿ.

ಸರಳಾ ಠಕ್ರಾಲ್ ಹೆಸರನ್ನೂ ಅಮ್ಮನಿಗೆ ಹೇಳು. 1936ರಲ್ಲಿ, 21ನೇ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡೇ ಒಬ್ಬರೇ ವಿಮಾನ ಹಾರಿಸಿದವರು. ಆಮೇಲೆ ಅವರು ಬದುಕು ಕಟ್ಟಿಕೊಂಡದ್ದು ಒಡವೆ ವಿನ್ಯಾಸ, ಸೀರೆ ಮೇಲೆ ಅಚ್ಚು ಹಾಕುವ ಕೆಲಸದಿಂದ.

ಇನ್ನೊಂದು ಮಾತು, ಯಾರೂ ಹೇಳಲ್ಲ. ವಿಮೆ ಪಾಲಿಸಿ ತೆಗೆದು ಓದಿ. ಅಪಘಾತ ವಿಮೆ ಎಷ್ಟೋ ಸಲ ಟಿಕೆಟ್ ಕೊಂಡ ಪ್ರಯಾಣಿಕರಿಗೆ ಮಾತ್ರ ಇರುತ್ತೆ, ಸ್ವಂತ ಹಾರಿಸುವವರಿಗೆ ಇರಲ್ಲ. ನಮ್ಮದರಲ್ಲೂ ಹಾಗೇ ಇತ್ತು. ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮೆಕ್ಕೆಜೋಳದ ರೈತ, ಜಗಳೂರು ಕಡೆಯಿಂದ

ನಾನು ನೆಲದ ಮೇಲೆ ನಿಂತೇ ಹಾರಿಸುವವನು. ಔಷಧಿ ಸಿಂಪಡಿಸುವ ಡ್ರೋನ್ ಇದೆ. 2021ರ ಡ್ರೋನ್ ನಿಯಮದ ಪ್ರಕಾರ ಟ್ರೈನಿಂಗ್ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದೀನಿ. 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಆಗಿರಬೇಕು. ಇದರಲ್ಲಿ ದುಡಿಮೆಯೂ ಇದೆ. ಗಾಳಿ ಓದುವುದು ಇದರಲ್ಲೂ ಕಲಿಯಬೇಕು. ಗಾಳಿ ತಿರುಗಿದರೆ ಔಷಧಿ ಪಕ್ಕದ ಹೊಲಕ್ಕೆ ಹೋಗುತ್ತೆ.

ಚಳ್ಳಕೆರೆ ಕಡೆಯವರು ಡ್ರೋನ್ ಎತ್ತುವ ಮೊದಲು, ಎಲ್ಲಿ ಹಾರಿಸಬಹುದು ಅಂತ ತೋರಿಸುವ ನಕ್ಷೆ ನೋಡಲೇಬೇಕು. ಅಲ್ಲಿ ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒದ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ರಾಕೆಟ್ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿದ್ದು ಅಲ್ಲೇ. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬಂದು ಇಳಿಯಿತು. ಆ ಸುದ್ದಿ ಕೇಳಿದ ದಿನ ನನ್ನ ಮಗಳು ಊಟ ಮಾಡದೆ ಅದನ್ನೇ ಮಾತಾಡಿದಳು.

ಮದುವೆ ಫೋಟೋಗ್ರಾಫರ್, ಹರಿಹರ

ಬೆಳಗಿನ ವ್ಯಾಪಾರದ ಪ್ರಶ್ನೆಗೆ ನಾನು ಹೇಳ್ತೀನಿ. ನನ್ನದೂ ಅದೇ ತೊಂದರೆ ಇತ್ತು. ಮುಹೂರ್ತ ಎಲ್ಲ ಬೆಳಿಗ್ಗೆ, ಶನಿವಾರ ಭಾನುವಾರ ಅಂತೂ ಬಿಡುವೇ ಇಲ್ಲ. ಆದರೆ ಧನುರ್ಮಾಸದಲ್ಲಿ ಮದುವೆ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತೆ. ಮಳೆಯೂ ಇಲ್ಲ, ಗಾಳಿಯೂ ಶಾಂತ. ಎರಡು ಧನುರ್ಮಾಸ ಸೇರಿಸಿ ಕಲಿತೆ. ಬೆಂಗಳೂರಿಗೆ ರಾತ್ರಿ ಬಸ್ಸು, ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಕಡೆ ಇನ್ನೊಂದು ಬಸ್ಸು, ಅಲ್ಲಿಂದ ಜಕ್ಕೂರು. ಸರ್ಕಾರದ ಹಾರಾಟ ತರಬೇತಿ ಶಾಲೆ ಇರುವುದೂ ಜಕ್ಕೂರಿನಲ್ಲೇ. ಆ ತಿಂಗಳು ಬೆಳಿಗ್ಗೆ ಮಂಜು ಇರುತ್ತೆ. ಎಂಟು, ಕೆಲವು ದಿನ ಒಂಬತ್ತರ ತನಕ ರನ್‌ವೇಯ ಆ ತುದಿ ಕಾಣಲ್ಲ. ಪುಸ್ತಕ ಹಿಡಿದು ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ನಾನು ಹವಾಮಾನದ ಪಾಠ ಎಲ್ಲ ಮುಗಿಸಿದೆ.

ಸಂಜೆಯನ್ನೂ ಮರೆಯಬೇಡ. ಮಧ್ಯಾಹ್ನ ನೆಲ ಕಾದು ವಿಮಾನ ಎತ್ತಿ ಕುಕ್ಕುತ್ತೆ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಮತ್ತೆ ಎಲ್ಲ ನಿಂತ ನೀರಿನ ಹಾಗೆ ಆಗುತ್ತೆ.

ನನ್ನ ಸಲಹೆ ಇಷ್ಟು. ವಾರಕ್ಕೊಂದು ದಿನ ಅಂತ ಎಳೆಯಬೇಡ. ಒಂದೂವರೆ ತಿಂಗಳು ಕಾವಲಿ ಮುಂದೆ ನಿಲ್ಲಲು ನಂಬಿಕೆಯ ಒಬ್ಬರನ್ನು ಈಗಿನಿಂದಲೇ ತಯಾರು ಮಾಡು. ಅವರ ಸಂಬಳವನ್ನೂ ಹಾರಾಟದ ಖರ್ಚಿನಲ್ಲೇ ಸೇರಿಸಿ ಲೆಕ್ಕ ಹಾಕು. ನಾನು ಅದನ್ನು ಸೇರಿಸಿರಲಿಲ್ಲ, ಮೊದಲ ವರ್ಷ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು. ನಾಲ್ಕೂವರೆಗೆ ಎದ್ದು ಹೋಟೆಲ್ ನಡೆಸಿ, ಅದೇ ದಿನ ಹೋಗಿ ಹಾರುವ ಯೋಚನೆ ಬೇಡವೇ ಬೇಡ.

ಲಾರಿ ಗ್ಯಾರೇಜ್, ಚಿತ್ರದುರ್ಗ

ತಂಗಿ, ಹವಾಮಾನದ್ದು, ವಾಯುಯಾನ ನಿಯಮದ್ದು, ನನ್ನ ಹತ್ತಿರ ಎರಡು ಪುಸ್ತಕ ಸುಮ್ನೆ ಕೂತಿವೆ. ಕಷ್ಟದ ಪದಗಳ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದೀನಿ. ಬಿಡಿಭಾಗ ತರಲು ಬುಧವಾರ ದಾವಣಗೆರೆಗೆ ಬರ್ತೀನಿ. ಹನ್ನೊಂದರ ಮೇಲೆ ಹೋಟೆಲಿಗೆ ಬಂದು ಕೊಡ್ತೀನಿ. ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಡು. ಇನ್ನೊಬ್ಬರು ಕೇಳಿದ್ದಾರೆ.