ಮಡಿಕೇರಿಯ ಹಾಲ್‌ಗೆ ಹೀಟ್ ಪೈಪ್ ಬೇಕಾ?

ಪ್ರಶ್ನೆ: ಸರ್, ಮಡಿಕೇರಿ ಹತ್ತಿರ ನಮ್ಮದೊಂದು ರೆಸಾರ್ಟ್ ಇದೆ. ಮೀಟಿಂಗ್ ಹಾಲ್‌ಗೆ ಡಕ್ಟ್ ಎಸಿ. ಹೊರಗೆ ಹೋಗುವ ತಣ್ಣನೆ ಗಾಳಿಯಿಂದ ಒಳಗೆ ಬರುವ ಗಾಳಿಯನ್ನು ತಂಪು ಮಾಡುವ ಹೀಟ್ ಪೈಪ್ ಹಾಕಿಸಿ, ಬಿಲ್ ಅರ್ಧ ಆಗುತ್ತದೆ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಒಳಗೆ ಆರ್-134ಎ ಅನ್ನೋ ತಂಪು ಮಾಡುವ ಗ್ಯಾಸ್ ಅಂತೆ, ಮೋಟಾರೇ ಬೇಡವಂತೆ. ನಂಬಬಹುದಾ?

ಉತ್ತರ: ಮೋಟಾರ್ ಬೇಡ ಅನ್ನೋದು ನಿಜ. ಅರ್ಧ ಬಿಲ್ ಮಾತ್ರ ನಿಮ್ಮೂರಲ್ಲಿ ಆಗದ ಮಾತು. ಎರಡೂ ತುದಿ ಮುಚ್ಚಿದ ತಾಮ್ರದ ಪೈಪು ಅದು. ಬಿಸಿ ಗಾಳಿ ತಾಗುವ ತುದಿಯಲ್ಲಿ ದ್ರವರೂಪದ ಗ್ಯಾಸ್ ಕುದಿದು ಆವಿಯಾಗಿ ತಂಪು ತುದಿಗೆ ಹೋಗುತ್ತದೆ, ಅಲ್ಲಿ ಶಾಖ ಬಿಟ್ಟು ದ್ರವವಾಗಿ ವಾಪಸ್ ಬರುತ್ತದೆ. ಒಳಗೆ ದ್ರವವನ್ನು ಹೀರಿ ಎಳೆಯುವ ಬತ್ತಿ ಇಲ್ಲದ ಪೈಪಾದರೆ ಬಿಸಿ ತುದಿ ಕೆಳಗಿರಲೇಬೇಕು, ಇಲ್ಲದಿದ್ದರೆ ದ್ರವ ಹಿಂದೆ ಹರಿಯಲ್ಲ, ಪೈಪು ಸುಮ್ನೆ ಕೂತಿರುತ್ತದೆ.

ಇದು ಎರಡು ಗಾಳಿಗಳ ನಡುವಿನ ವ್ಯತ್ಯಾಸದಲ್ಲಿ ಅರ್ಧದಷ್ಟು ಹಿಡಿದರೆ ಒಳ್ಳೆಯ ಕೆಲಸ. ಏಪ್ರಿಲ್ ಮಧ್ಯಾಹ್ನ ಹೊರಗೆ 28 ಡಿಗ್ರಿ, ಹಾಲ್‌ನಲ್ಲಿ 24 ಅಂದುಕೊಳ್ಳಿ. ಸಿಗೋದು 2 ಡಿಗ್ರಿ. 1,000 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿಗೆ ಅದು ಹೆಚ್ಚುಕಮ್ಮಿ 1 ಕಿಲೋವ್ಯಾಟ್ ತಂಪು, ಎಸಿ ಕರೆಂಟ್ ಲೆಕ್ಕದಲ್ಲಿ ಅದರ ಮೂರನೇ ಒಂದು ಪಾಲು. ಪೈಪಿನ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ಗಾಳಿ ತಳ್ಳಲು ಫ್ಯಾನ್ ಜಾಸ್ತಿ ದುಡಿಯಬೇಕಲ್ವಾ, ಉಳಿತಾಯದಲ್ಲಿ ದೊಡ್ಡ ಪಾಲು ಅದೇ ತಿನ್ನುತ್ತದೆ. ಬಳ್ಳಾರಿಯ 40 ಡಿಗ್ರಿ ಬಿಸಿಲಲ್ಲಿ ಇದೇ ಪೈಪು 4 ಕಿಲೋವ್ಯಾಟ್ ಕೊಡುತ್ತದೆ, ಅಲ್ಲಿ ಹಾಕಿಸಿ ಅಂತ ನಾನೇ ಹೇಳುತ್ತೇನೆ.

ಪ್ರಶ್ನೆ: ಹಾಗಾದರೆ ಬಿಟ್ಟುಬಿಡಲಾ? ನಮ್ಮ ದೊಡ್ಡ ತಲೆನೋವು ಮಳೆಗಾಲ. ಎಸಿ ಹಾಕಿದರೆ ಚಳಿ, ಆಫ್ ಮಾಡಿದರೆ ಕಾರ್ಪೆಟ್ ಮುಗ್ಗಲು ವಾಸನೆ.

ಉತ್ತರ: ಇದನ್ನ ಮೊದಲೇ ಹೇಳಬೇಕಿತ್ತು ನೀವು! ಅದಕ್ಕೆ ಹೀಟ್ ಪೈಪ್ ಸರಿ, ಆದರೆ ಇನ್ನೊಂದು ಥರದ್ದು. ಕೂಲಿಂಗ್ ಕಾಯಿಲ್ (ಎಸಿಯೊಳಗೆ ಗಾಳಿ ತಂಪು ಮಾಡುವ ಸುರುಳಿ ಪೈಪು) ಸುತ್ತ ಯು ಆಕಾರದಲ್ಲಿ ಬರುವಂಥದ್ದು. ಜುಲೈನಲ್ಲಿ ಹಾಲ್ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ. ಈ ಪೈಪು 23 ಡಿಗ್ರಿಯ ಗಾಳಿಯನ್ನು ಕಾಯಿಲ್‌ಗೆ ಮೊದಲೇ 17ಕ್ಕೆ ಇಳಿಸುತ್ತದೆ. ಕಾಯಿಲ್ ಅದನ್ನು 11ಕ್ಕೆ ಇಳಿಸಿ ನೀರು ಹಿಂಡುತ್ತದೆ. ಮೊದಲು ತೆಗೆದ ಶಾಖವೇ ವಾಪಸ್ ಸೇರಿ, ಗಾಳಿ 17ರಲ್ಲಿ ಹೊರಬರುತ್ತದೆ. ಒಣ ಗಾಳಿ, ಚಳಿ ಕಮ್ಮಿ. ಇದಕ್ಕೆ ಹೀಟರ್ ಹಾಕುವವರೂ ಇದ್ದಾರೆ, ತಂಪಿಗೊಮ್ಮೆ ಬಿಸಿಗೊಮ್ಮೆ ಎರಡು ಸಲ ಕರೆಂಟ್ ದಂಡ.

ಹಳೆ ಯೂನಿಟ್‌ನಲ್ಲಿ ಕಾಯಿಲ್‌ನ ಹಿಂದೆ ಮುಂದೆ ಜಾಗ ಇದೆಯಾ ಅಂತ ಅಳೆದು ಫೋಟೋ ಹಾಕಿ. ಡ್ರೈನ್ ಪೈಪಿನದ್ದೂ ಇರಲಿ, ನೀರು ಈಗಿನದಕ್ಕಿಂತ ಜಾಸ್ತಿ ಬರುತ್ತದೆ.