ಒಂದೇ ಆಲ್ಬಂ ಮಾಡಿ ಒಡೆದುಹೋದ ಬ್ಯಾಂಡ್‌ಗಳಲ್ಲಿ ಯಾರದು ಮೇಲು?

ಹಳೇ_ರೆಕಾರ್ಡು:
ಒಂದೇ ಒಂದು ಸ್ಟುಡಿಯೋ ಆಲ್ಬಂ ಮಾಡಿ ಒಡೆದುಹೋದ ಬ್ಯಾಂಡ್‌ಗಳ ಲೆಕ್ಕ ತೆಗೆದ್ರೆ ಡೆರೆಕ್ ಅಂಡ್ ದ ಡಾಮಿನೋಸ್ ಮುಂದೆ ಯಾರೂ ನಿಲ್ಲಲ್ಲ. 1970ರ ನವೆಂಬರ್‌ನಲ್ಲಿ ಬಂದ 'ಲೈಲಾ ಅಂಡ್ ಅದರ್ ಅಸಾರ್ಟೆಡ್ ಲವ್ ಸಾಂಗ್ಸ್', ಡಬಲ್ ಆಲ್ಬಂ, 14 ಹಾಡು, ಮುಂದಿನ ವರ್ಷ ಎರಡನೇದಕ್ಕೆ ಅಂತ ಸ್ಟುಡಿಯೋಗೆ ಹೋದವ್ರು ಅರ್ಧಕ್ಕೇ ಬಿಟ್ಟು ಚೆದುರಿಹೋದ್ರು. ಪಂಕ್‌ನ ಸೆಕ್ಸ್ ಪಿಸ್ತೂಲ್ಸ್ ಅಂತ ಓಡಿಬರೋರಿಗೆ ಮೊದಲೇ ಹೇಳ್ತೀನಿ, ಅದು ಗಲಾಟೆಗೆ ಹೆಸರಾದ ಬ್ಯಾಂಡು, ಸಂಗೀತಕ್ಕಲ್ಲ.

ಪಂಕ್‌ಹುಡ್ಗ:
"ಗಲಾಟೆಗೆ ಹೆಸರಾದ ಬ್ಯಾಂಡು" ಅಂತೀರಲ್ಲ, ಪಿಸ್ತೂಲ್ಸ್ ಆಲ್ಬಂ 'ನೆವರ್ ಮೈಂಡ್ ದ ಬೋಲಾಕ್ಸ್' ಪೂರ್ತಿ ಕೇಳಿದೀರಾ ಅಥವಾ ಹರಿದ ಟೀಶರ್ಟ್ ಫೋಟೋ ನೋಡಿ ತೀರ್ಪು ಕೊಡ್ತಿದೀರಾ? ಸ್ಟೀವ್ ಜೋನ್ಸ್ ಗಿಟಾರ್ ಮೇಲೆ ಗಿಟಾರ್ ಪೇರಿಸಿ ರೆಕಾರ್ಡ್ ಮಾಡಿರೋದು ಅದು, ಬೇಸ್ ಕೂಡ ಹೆಚ್ಚುಕಮ್ಮಿ ಎಲ್ಲಾ ಅವನೇ. 1977ರ ಅಕ್ಟೋಬರ್‌ನಲ್ಲಿ ಬಂತು, ದೊಡ್ಡ ದೊಡ್ಡ ಅಂಗಡಿಯವ್ರು ಇಡಲ್ಲ ಅಂದ್ರೂ ಬ್ರಿಟನ್‌ನಲ್ಲಿ ನಂಬರ್ ಒನ್ ಆಯ್ತು. ನಿಮ್ಮ ಲೈಲಾ ಬಂದಾಗ ಅದೇ ಬ್ರಿಟನ್ ಚಾರ್ಟಿಗೆ ಕಾಲೇ ಇಡ್ಲಿಲ್ಲ.

ಮಂದ್ರಸ್ಥಾಯಿ:
"ಬೇಸ್ ಕೂಡ ಅವನೇ", ಇಲ್ಲೇ ಸಿಕ್ಕಾಕೊಂಡ್ರಿ. ಬೇಸ್ ಹಿಡ್ಕೊಂಡು ಪೋಸ್ ಕೊಡ್ತಿದ್ದ ಸಿಡ್ ವಿಷಸ್ ರೆಕಾರ್ಡಿಂಗಲ್ಲಿ ಹೆಚ್ಚುಕಮ್ಮಿ ಏನೂ ನುಡಿಸ್ಲಿಲ್ಲ, ನುಡಿಸೋಕೆ ಬರ್ತಿದ್ದ ಗ್ಲೆನ್ ಮ್ಯಾಟ್ಲಾಕ್ ಆ ವರ್ಷದ ಶುರುವಲ್ಲೇ ಹೊರಗೆ, 12ರಲ್ಲಿ 10 ಹಾಡು ಬರೆದವರಲ್ಲಿ ಅವನ ಹೆಸರಿದೆ. ಹಳೇ ರೆಕಾರ್ಡು ಸರ್, ನಿಮ್ದೂ ಅಷ್ಟೇ. ಡಾಮಿನೋಸ್ ಬ್ಯಾಂಡೇ ಅಲ್ಲ, ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಬೇರೆ ಹೆಸರಿಟ್ಕೊಂಡು ಮಾಡಿದ ಸೋಲೋ ಆಲ್ಬಂ. 11 ಹಾಡಲ್ಲಿ ಡ್ವೇನ್ ಆಲ್ಮನ್ ಇದಾನೆ, ಅವನು ಆಲ್ಮನ್ ಬ್ರದರ್ಸ್ ಅನ್ನೋ ಬೇರೆ ಬ್ಯಾಂಡಿನವನು. ಹೊರಗಿನವನ ಗಿಟಾರ್ ತೆಗೆದು ಕೇಳಿ, ಎಷ್ಟು ಉಳಿಯತ್ತೆ ಹೇಳಿ.

ಹಳೇ_ರೆಕಾರ್ಡು:
ಬ್ಯಾಂಡೇ ಅಲ್ವಾ?! ಕೀಬೋರ್ಡ್ ನುಡಿಸ್ತಿದ್ದ ಬಾಬಿ ವಿಟ್ಲಾಕ್ ಐದು ಹಾಡು ಕ್ಲಾಪ್ಟನ್ ಜೊತೆ ಕೂತು ಬರೆದಿದಾನೆ, ಕೊನೇ ಹಾಡು ಪೂರ್ತಿ ಅವನದೇ, ಹಾಡಿದ್ದೂ ಅವನೇ. ಬೇಸ್‌ನ ಕಾರ್ಲ್ ರೇಡಲ್, ಡ್ರಮ್ಸ್‌ನ ಜಿಮ್ ಗಾರ್ಡನ್ ಇಬ್ಬರೂ ಅದಕ್ಕಿಂತ ಮುಂಚೆ ಡಿಲೇನಿ ಅಂಡ್ ಬಾನಿ ಜೊತೆ ಊರೂರು ಸುತ್ತಿದವ್ರು, ನಾಲ್ಕೂ ಜನ ಸೇರಿ ಜಾರ್ಜ್ ಹ್ಯಾರಿಸನ್ ಆಲ್ಬಂಗೆ ನುಡಿಸಿದವ್ರು. ಸೋಲೋ ಅಂತೆ. ಮೊದಲ ಮೂರು ಹಾಡಲ್ಲಿ ಡ್ವೇನ್ ಇಲ್ವೇ ಇಲ್ಲ, 'ಬೆಲ್ ಬಾಟಮ್ ಬ್ಲೂಸ್' ಅದ್ರಲ್ಲೇ ಬರೋದು, ಅದನ್ನ ಕೇಳಿ ಆಮೇಲೆ ಬನ್ನಿ.

ಸುಮ್ನೆ_ಕೇಳೋಳು:
ನೀವೆಲ್ಲ ಯಂಗ್ ಮಾರ್ಬಲ್ ಜೈಂಟ್ಸ್ ಹೆಸರೇ ಎತ್ತಿಲ್ವಲ್ಲ. ಕಾರ್ಡಿಫ್‌ನ ಮೂರು ಜನ, ಅಲಿಸನ್ ಸ್ಟಾಟನ್ ಮತ್ತೆ ಮಾಕ್ಸಮ್ ಅಣ್ಣತಮ್ಮ, 1980ರಲ್ಲಿ 'ಕೊಲಾಸಲ್ ಯೂತ್', ಆಮೇಲೆ ಜಾಸ್ತಿ ದಿನ ಉಳೀಲಿಲ್ಲ. ಡ್ರಮ್ಮರ್ ಇಲ್ಲ, ಡ್ರಮ್ ಮೆಷಿನ್ ಶಬ್ದ ಟೇಪಲ್ಲಿ ಓಡತ್ತೆ, ಅದ್ರ ಮೇಲೆ ಬೇಸು, ಕತ್ತರಿಸಿದ ಹಾಗೆ ಗಿಟಾರು, ಸಣ್ಣಗೆ ಹಾಡೋ ಒಂದು ಗಂಟಲು. ಎಲ್ರೂ ಜೋರು ಮಾಡ್ತಿದ್ದ ಕಾಲದಲ್ಲಿ ಇಷ್ಟು ಕಮ್ಮಿ ಇಟ್ಕೊಳ್ಳೋಕೆ ಎಂಥ ಧೈರ್ಯ ಬೇಕು. ಕರ್ಟ್ ಕೋಬೇನ್ ಮೆಚ್ಚಿದ್ದ ಆಲ್ಬಂ ಅದು, ಹೋಲ್ ಬ್ಯಾಂಡಿನವ್ರು 1994ರಲ್ಲಿ ಅದ್ರ ಒಂದು ಹಾಡನ್ನ ತಾವೂ ಹಾಡಿದ್ರು.

ಪಂಕ್‌ಹುಡ್ಗ:
"ಡ್ರಮ್ಮರ್ ಇಲ್ಲ" ಅಂದ್ಮೇಲೆ ಬ್ಯಾಂಡ್ ಯಾಕೆ ಅನ್ಬೇಕು ಮೇಡಂ, ಮಂದ್ರ ಅವ್ರ ರೂಲಿನ ಪ್ರಕಾರ ಅದೂ ಔಟು.

ಮಂದ್ರಸ್ಥಾಯಿ:
ನನ್ನ ಬಾಯಿಗೆ ಮಾತು ತುರುಕಬೇಡಿ, ನಾನು ಹೇಳಿದ್ದು ಹೊರಗಿನವರ ವಿಷಯ. "ಮೊದಲ ಮೂರು ಹಾಡಲ್ಲಿ ಡ್ವೇನ್ ಇಲ್ಲ" ಅಂತ ಹಳೇ ರೆಕಾರ್ಡು ಅವ್ರೇ ಬರ್ದಿದಾರೆ, ಅಂದ್ರೆ ಅವನು ಬರೋಕೆ ಮುಂಚೆ ಮೂರೇ ಹಾಡು, ಬಂದ್ಮೇಲೆ ಹನ್ನೊಂದು! ಪ್ರೊಡ್ಯೂಸರ್ ಟಾಮ್ ಡೌಡ್ ಮಯಾಮಿಯಲ್ಲಿ ಆಲ್ಮನ್ ಬ್ರದರ್ಸ್ ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗ್ದೇ ಇದ್ದಿದ್ರೆ ಈ ಆಲ್ಬಂ ಹೀಗೆ ಇರ್ತಾನೇ ಇರ್ಲಿಲ್ಲ. ಟೈಟಲ್ ಹಾಡಿನ ಪಿಯಾನೋ ಭಾಗ ಬೇರೆ ದಿನ ರೆಕಾರ್ಡ್ ಮಾಡಿ ಅಂಟಿಸಿದ್ದು, ಅದ್ರ ಟ್ಯೂನ್ ತನ್ನದು ಅಂತ ಗಾಯಕಿ ರೀಟಾ ಕೂಲಿಜ್ ಹೇಳಿದಾರೆ, ಹೆಸರು ಮಾತ್ರ ಜಿಮ್ ಗಾರ್ಡನ್‌ದು. ಆ ಪಿಯಾನೋ ಮೇಲೆ ಅಳೋ ಹಾಗೆ ಕೇಳ್ಸೋ ಸ್ಲೈಡ್ ಗಿಟಾರ್ ಡ್ವೇನ್‌ದು. ಹೀಗೆ ಅವರಿವರದ್ದು ಸೇರ್ಸಿ ಮಾಡಿದ್ದಕ್ಕೆ ಬ್ಯಾಂಡ್ ಅಂತ ಹೆಸರು.

ಹಳೇ_ರೆಕಾರ್ಡು:
"ಅವರಿವರದ್ದು ಸೇರ್ಸಿ"? ಸ್ವಲ್ಪ ನಾಲಿಗೆ ಹಿಡಿತದಲ್ಲಿರಲಿ. 1973ರಲ್ಲಿ ಬಂದ ಲೈವ್ ಆಲ್ಬಂ ಕೇಳು, 1970ರ ಅಕ್ಟೋಬರ್‌ನಲ್ಲಿ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ್ದು, ಡ್ವೇನ್ ಇಲ್ಲ, ನಾಲ್ಕೇ ಜನ, ಹಾಲ್ ತುಂಬಿಸ್ತಾರೆ. ಅದು ಬ್ಯಾಂಡ್ ಅಲ್ದೆ ಮತ್ತೇನು?

ಪಂಕ್‌ಹುಡ್ಗ:
"1973ರಲ್ಲಿ ಬಂದ ಲೈವ್ ಆಲ್ಬಂ" ಹಹಹ, ಹಾಗಾದ್ರೆ ಆಲ್ಬಂ ಎರಡಾಯ್ತು, ಒಂದೇ ಆಲ್ಬಂ ಪಟ್ಟಿಯಿಂದ ನೀವೇ ಹೊರಗೆ ಹೋದ್ರಿ.

ಹಳೇ_ರೆಕಾರ್ಡು:
ಸ್ಟುಡಿಯೋ ಆಲ್ಬಂ ಅಂತ ಮೊದಲ ಸಾಲಲ್ಲೇ ಬರ್ದಿದೀನಿ, ಓದೋಕೆ ಬರಲ್ವಾ?

ಮಂದ್ರಸ್ಥಾಯಿ:
"ಡ್ವೇನ್ ಇಲ್ಲ, ನಾಲ್ಕೇ ಜನ" ಅಂದ್ರಲ್ಲ, ಆ ಲೈವ್ ಆಲ್ಬಂನ ಲೈಲಾ ಜೊತೆ ಇಟ್ಟು ಇದು ಮೇಲು ಅಂತ ಎದೆ ಮುಟ್ಕೊಂಡು ಹೇಳಿ ನೋಡೋಣ. ಅದೇ ನನ್ನ ಸಾಕ್ಷಿ.

ಕತ್ತಲೆ_ಕ್ಯಾಸೆಟ್:
ನೀವು ನಾಲ್ಕು ಜನ ಡ್ವೇನ್ ಡ್ವೇನ್ ಅಂತ ಬಡ್ಕೋತಿರೋವಾಗ ಲಿವರ್‌ಪೂಲ್‌ನ ದ ಲಾಸ್ ಮರ್ತೇಹೋಯ್ತು. 1990ರಲ್ಲಿ ಒಂದೇ ಆಲ್ಬಂ, ಅದಕ್ಕೆ ವರ್ಷಗಟ್ಲೆ ಒಬ್ಬರಾದ್ಮೇಲೆ ಒಬ್ಬರು ಪ್ರೊಡ್ಯೂಸರ್, ಕೊನೆಗೆ ಸ್ಟೀವ್ ಲಿಲ್ಲಿವೈಟ್ ಮುಗಿಸಿದ್ದು. 'ದೇರ್ ಶೀ ಗೋಸ್' ಇವತ್ತಿಗೂ ಹಳತಾಗಿಲ್ಲ. ಹಾಡಿದ ಲೀ ಮೇವರ್ಸ್‌ಗೆ ಆಲ್ಬಂ ಹಿಡಿಸ್ಲೇ ಇಲ್ಲ, ಕಂಪನಿ ತಾನಾಗೇ ಬಿಡುಗಡೆ ಮಾಡ್ತು. ಬೇಸ್ ನುಡಿಸ್ತಿದ್ದ ಜಾನ್ ಪವರ್ ಬಿಟ್ಟುಹೋಗಿ ಕಾಸ್ಟ್ ಅಂತ ಬೇರೆ ಬ್ಯಾಂಡ್ ಕಟ್ಟಿದ.

ಮಂದ್ರಸ್ಥಾಯಿ:
"ಮೇವರ್ಸ್‌ಗೆ ಹಿಡಿಸ್ಲೇ ಇಲ್ಲ", ಮಾಡಿದವನಿಗೇ ಬೇಡವಾದ ಆಲ್ಬಂ ಮಹಾನ್ ಹೇಗಾಗತ್ತೆ?

ಕತ್ತಲೆ_ಕ್ಯಾಸೆಟ್:
ನಾವು ಕೇಳೋದು ಹಾಡು, ಹಾಡಿದವನ ಮುನಿಸಲ್ಲ. 12 ಹಾಡಲ್ಲಿ ತೆಗೆದುಹಾಕೋಂಥದ್ದು ಒಂದನ್ನ ತೋರ್ಸಿ. ನೀವು ಇನ್ನೂ ಒಂದು ಆಲ್ಬಂ ಹೆಸರೂ ಹೇಳಿಲ್ಲ, ಬೇರೆಯವರದ್ದಕ್ಕೆ ಕೊಂಕು ಹುಡುಕ್ತಿದೀರ ಅಷ್ಟೇ.

ಮಂದ್ರಸ್ಥಾಯಿ:
ಹೆಸರು ಬೇಕಾ, ತಗೊಳ್ಳಿ: ಆಪರೇಷನ್ ಐವಿ, 'ಎನರ್ಜಿ', 1989. ಅದೇ ವರ್ಷ ಒಡೆದುಹೋದ್ರು, ಗಿಟಾರ್, ಬೇಸ್ ಇಬ್ಬರೂ ಮುಂದೆ ರ್ಯಾನ್ಸಿಡ್ ಅನ್ನೋ ಬ್ಯಾಂಡ್ ಕಟ್ಟಿದ್ರು. ನಾಲ್ಕು ಜನರ ಬ್ಯಾಂಡು, ಯಾರ ಹೆಸರಿನ ಹಂಗೂ ಬೇಕಾಗಿರ್ಲಿಲ್ಲ.

ಪಂಕ್‌ಹುಡ್ಗ:
ಅಲ್ಲ ಗುರು, ಇಷ್ಟೊತ್ತು ಪಿಸ್ತೂಲ್ಸ್ ಬೈದು ಕೊನೆಗೆ ಪಂಕ್ ಬ್ಯಾಂಡನ್ನೇ ತಂದಿಟ್ಯಾ? ಪಿಸ್ತೂಲ್ಸ್ ಇಲ್ದೆ ಆಪರೇಷನ್ ಐವಿ ಎಲ್ಲಿಂದ ಬರ್ಬೇಕಿತ್ತು?

ಸುಮ್ನೆ_ಕೇಳೋಳು:
"ಯಾರ ಹೆಸರಿನ ಹಂಗೂ ಬೇಕಾಗಿರ್ಲಿಲ್ಲ" ಅನ್ನೋ ಅಳತೆಗೆ ಯಂಗ್ ಮಾರ್ಬಲ್ ಜೈಂಟ್ಸ್‌ಗಿಂತ ಸರಿಯಾಗಿ ಕೂರೋರು ಯಾರಿದಾರೆ? ಡ್ರಮ್ಮರ್ ಇಲ್ಲ ಅಂತ ಒಂದು ಸಾಲು ಬರ್ದು ಹೋದ್ರಿ, ಆಲ್ಬಂ ಕೇಳಿ ಯಾರೂ ಒಂದು ಮಾತು ಬರೀಲಿಲ್ಲ.

ಹಳೇ_ರೆಕಾರ್ಡು:
ಮೇಡಂ, ಕೇಳಿದೀನಿ, ಚೆನ್ನಾಗಿದೆ, ಆದ್ರೆ ಲೈಲಾ ಪಕ್ಕ ಇಡೋಂಥದ್ದಲ್ಲ. ಮಂದ್ರ, ನಿಂಗೆ ಕೊನೇ ಪ್ರಶ್ನೆ. ಕ್ಲಾಪ್ಟನ್ ಬಾ ಅಂತ ಕರೆದ್ರೂ ಡ್ವೇನ್ ತನ್ನ ಬ್ಯಾಂಡ್ ಬಿಟ್ಟು ಬರ್ಲಿಲ್ಲ. ಹೋಗಿ ಸೇರ್ಕೊಳ್ಳೋಕೆ ಒಂದು ಬ್ಯಾಂಡೇ ಇಲ್ದಿದ್ರೆ ಕರೆದಿದ್ದು ಎಲ್ಲಿಗೆ?

ಮಂದ್ರಸ್ಥಾಯಿ:
"ಬಿಟ್ಟು ಬರ್ಲಿಲ್ಲ" ಅಂತ ನೀವೇ ಬರ್ದ್ರಿ. ಹೊರಗಿನವನು ಅಂತ ಮೊದಲಿಂದ ನಾನು ಹೇಳಿದ್ದೂ ಅದನ್ನೇ.