ಹುರುಳಿ ಲೆಕ್ಟಿನ್ ಹರಳಾಗಬೇಕು: ಮೊದಲು ಯಾವ ಪೆಗ್?

ಹುರುಳಿಕಾಳು, ಧಾರವಾಡ:
ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಸಂತೆಯ ಹುರುಳಿಯಿಂದ ಲೆಕ್ಟಿನ್ (ಸಕ್ಕರೆ ಅಣುಗಳಿಗೆ ಅಂಟುವ ಪ್ರೋಟೀನ್) ಶುದ್ಧೀಕರಿಸಿದ್ದೇನೆ. ಎ1 ರಕ್ತಗುಂಪನ್ನು ಗುರುತಿಸುವ ಪ್ರೋಟೀನ್ ಇದೇ. ರಚನೆ ಈಗಾಗಲೇ ತಿಳಿದಿರುವುದೇ. ಹರಳು ಬೆಳೆಸುವುದನ್ನು ನನ್ನ ಕೈಯಿಂದಲೇ ಕಲಿಯಬೇಕೆಂದು ಆರಿಸಿಕೊಂಡೆ. ಉಳಿದಿರುವುದು ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯ 80 ಮೈಕ್ರೊಲೀಟರ್ ಮಾತ್ರ. ಅಮೋನಿಯಂ ಸಲ್ಫೇಟ್ ಲವಣದಲ್ಲಿಟ್ಟ ಹನ್ನೆರಡು ಹನಿಗಳೂ ಮರುದಿನವೇ ಕಂದು ಗಸಿಯಾದವು. ಕಪಾಟಿನಲ್ಲಿ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) 400, 3350, 8000, 20000 ಇವೆ, ಸಂಖ್ಯೆ ಅದರ ಅಣುತೂಕ. ನಾಲ್ಕನ್ನೂ ಸ್ವಲ್ಪ ಸ್ವಲ್ಪ ಪರೀಕ್ಷಿಸಲೇ, ಒಂದನ್ನೇ ಹಿಡಿಯಲೇ? ಫಾಸ್ಫೇಟ್ ಬಫರ್‌ನೊಂದಿಗೆ (ಪಿಎಚ್ ಸ್ಥಿರವಾಗಿಡುವ ದ್ರಾವಣ) 8000 ಬೆರೆಸಿದ ಒಂದು ಹನಿಯಲ್ಲಿ ಎರಡನೇ ದಿನ ಹೊಳೆಯುವ ಸೂಜಿಗಳು ಕಂಡವು. ಆ ರಾತ್ರಿ ನಿದ್ದೆ ಬರಲಿಲ್ಲ.

ಸಾಧನಕೇರಿ:
ತಂಗಿ, ಮೊದಲು ಆ ಸೂಜಿಗಳ ವಿಷಯ. ನಿನ್ನ ಲೆಕ್ಟಿನ್‌ಗೆ ಕ್ಯಾಲ್ಸಿಯಂ ಬೇಕು, ನೀನು ಅದನ್ನು ದ್ರಾವಣಕ್ಕೆ ಸೇರಿಸಿಯೇ ಇರುತ್ತೀ. ಕ್ಯಾಲ್ಸಿಯಂ ಇದ್ದಲ್ಲಿಗೆ ಫಾಸ್ಫೇಟ್ ಬಂದರೆ ಲವಣದ ಹರಳು ಮೂಡಬಹುದು. ಸಣ್ಣ ಸೂಜಿಯಿಂದ ತಾಗಿಸಿ ನೋಡು. ಲವಣ ಗಟ್ಟಿಯಾಗಿ ಎದುರು ನಿಂತು ಚಟ್ಟೆಂದು ಒಡೆಯುತ್ತದೆ. ಪ್ರೋಟೀನ್ ಹರಳಿನ ಒಳಗೆ ನೀರೇ ಬಹಳವಿರುವುದರಿಂದ ಮೆತ್ತಗೆ ಪುಡಿಯಾಗುತ್ತದೆ. ಫಾಸ್ಫೇಟನ್ನೂ ಸಿಟ್ರೇಟನ್ನೂ ದೂರವಿಡು. ಸಿಟ್ರೇಟ್ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ.

ಇನ್ನು ಪೆಗ್. 1976ರಲ್ಲಿ ವಿಜ್ಞಾನಿ ಮೆಕ್‌ಫರ್ಸನ್ ಇದನ್ನು ಹರಳು ಬೆಳೆಸುವವರ ಮುಂದಿಟ್ಟ ಮೇಲೆ ಲವಣದಷ್ಟೇ ಬಳಕೆಗೆ ಬಂದಿತು. ಉದ್ದನೆಯ ಈ ಸರಪಳಿಗಳು ಹನಿಯಲ್ಲಿ ಜಾಗ ಹಿಡಿದು ಕುಳಿತು ಪ್ರೋಟೀನ್ ಕಣಗಳನ್ನು ಒಂದರ ಬಳಿಗೆ ಒಂದನ್ನು ಒತ್ತುತ್ತವೆ. ಅದಕ್ಕೆ ಲವಣವನ್ನು ಮೊಲಾರ್‌ಗಟ್ಟಲೆ ಸುರಿಯಬೇಕಾಗಿಲ್ಲ. ಸಲ್ಫೇಟ್‌ನಲ್ಲಿ ಸೋತ ನಿನಗೆ ಇದು ನಿಜವಾಗಿಯೂ ಬೇರೆ ದಾರಿ.

ನಾಲ್ಕನ್ನೂ ಹಂಚಬೇಡ, 3350 ಹಿಡಿ. 24 ಗುಳಿಗಳ ತಟ್ಟೆಯಲ್ಲಿ ಅಡ್ಡಸಾಲಿಗೆ ಶೇ. 8, 12, 16, 20, 24, 28. ಲಂಬಸಾಲಿಗೆ ಪಿಎಚ್ 5.5, 6.5, 7.5, 8.5. ಹನಿಗೆ ಒಂದು ಮೈಕ್ರೊಲೀಟರ್ ಪ್ರೋಟೀನ್, ಒಂದು ಮೈಕ್ರೊಲೀಟರ್ ಆ ಗುಳಿಯ ಪೆಗ್ ದ್ರಾವಣ. ಇಡೀ ತಟ್ಟೆಗೆ 24 ಮೈಕ್ರೊಲೀಟರ್ ಖರ್ಚು, ಇನ್ನೆರಡು ತಟ್ಟೆಗೆ ಸಾಕಾಗುವಷ್ಟು ಉಳಿಯುತ್ತದೆ. ತಿಳಿಯಾದ ಹನಿ ಯಾವ ಶೇಕಡಾದಲ್ಲಿ ಗಸಿಯಾಗುತ್ತದೆಯೋ ಆ ಗಡಿಯನ್ನು ಗುರುತು ಹಾಕಿಕೋ. ಆ ಗಡಿಯ ಆಚೀಚೆ ಮಾತ್ರ ಎರಡನೇ ತಟ್ಟೆಯಲ್ಲಿ ಅಣುತೂಕ ಬದಲಿಸು. 8000 ಕಡಿಮೆ ಶೇಕಡಾದಲ್ಲೇ ಕೆಲಸ ಮಾಡುತ್ತದೆ. 400ಕ್ಕೆ ಸಾಮಾನ್ಯವಾಗಿ ಶೇ. 30ರ ಸುತ್ತಮುತ್ತ ಬೇಕು, ಆದರೆ ಅದರಲ್ಲಿ ಬೆಳೆದ ಹರಳನ್ನು ದ್ರವ ಸಾರಜನಕದಲ್ಲಿ ತಣಿಸುವಾಗ ಮಂಜುಗಡ್ಡೆ ಕಟ್ಟದಂತೆ ಕಾಯುವ ಬೇರೆ ರಕ್ಷಕ ಬೇಡವಾಗಬಹುದು. 20000 ಬಹಳ ಮಂದ, ಪಿಪೆಟ್ಟಿಗೆ ಅಂಟಿಕೊಂಡು ಅಳತೆಯನ್ನೇ ಕೆಡಿಸುತ್ತದೆ. ಈಗ ಅದು ಬೇಡ.

ಮುಚ್ಚಿದ ಗುಳಿಯಲ್ಲಿ ಹನಿಯ ನೀರು ಆವಿಯಾಗಿ ಗುಳಿಯ ದ್ರಾವಣದ ಕಡೆಗೆ ಹೋಗುತ್ತದೆ, ಪೆಗ್ ಹನಿಯಿಂದ ಅದು ಲವಣದ ಹನಿಗಿಂತ ಬಹಳ ನಿಧಾನವಾಗಿ ಹೊರಹೋಗುತ್ತದೆ. ಮೂರು ದಿನಕ್ಕೆ ಏನೂ ಕಾಣಲಿಲ್ಲವೆಂದು ತಟ್ಟೆಯನ್ನು ಎಸೆಯಬೇಡ.

ನವನಗರ, ಹುಬ್ಬಳ್ಳಿ:
ಬಾಟಲಿ ಎಂದು ತೆರೆದದ್ದು ಎಂದೂ ನೋಡಿಕೊಳ್ಳಿ. ಗಾಳಿ, ಬೆಳಕು ತಾಗಿದ ಪೆಗ್‌ನಲ್ಲಿ ಪೆರಾಕ್ಸೈಡ್, ಆಲ್ಡಿಹೈಡ್ ಹುಟ್ಟುತ್ತವೆ, ಪಿಎಚ್ ಇಳಿಯುತ್ತದೆ. ನನ್ನ ಕಿಣ್ವ ಆರು ವಾರ ಬರಿಯ ಗಸಿಯನ್ನೇ ಕೊಟ್ಟಿತು. ಹೊಸ ಬಾಟಲಿಯಿಂದ ದ್ರಾವಣ ಮಾಡಿದ ಮೇಲೆ ಅದೇ ಶೇಕಡಾದಲ್ಲಿ ಹನಿಗಳು ತಿಳಿಯಾಗಿ ನಿಂತವು. ಆ ಆರು ವಾರದ ಪ್ರೋಟೀನ್ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಶೇ. 50ರ ದ್ರಾವಣವನ್ನು ಸಣ್ಣ ಕೊಳವೆಗಳಲ್ಲಿ ಹಂಚಿ ಫ್ರೀಜರ್‌ನಲ್ಲಿ ಕತ್ತಲಲ್ಲಿಡಿ.

ಮತ್ತೊಂದು ಮಾತು: ಏಪ್ರಿಲ್‌ನಲ್ಲಿ ವಿದ್ಯುತ್ ಹೋದರೆ 20 ಡಿಗ್ರಿಯ ಪೆಟ್ಟಿಗೆ ಎಷ್ಟು ಹೊತ್ತು 20 ಡಿಗ್ರಿಯಾಗಿರುತ್ತದೆ? ತಟ್ಟೆಗಳನ್ನು ಥರ್ಮೋಕೋಲ್ ಡಬ್ಬಿಯೊಳಗೆ ಮುಚ್ಚಿ ಆಮೇಲೆ ಪೆಟ್ಟಿಗೆಯಲ್ಲಿಡಿ.

ಹುರುಳಿಕಾಳು, ಧಾರವಾಡ:
ಸರ್, ಸೂಜಿ ತಾಗಿಸಿದೆ. ಚಟ್ಟೆಂದವು. ಲವಣವೇ. ಅರ್ಧ ಗಂಟೆ ಸುಮ್ಮನೆ ಕುಳಿತು ಎದ್ದು ಬಂದೆ. 3350ರ ಬಾಟಲಿಯ ಮೇಲೆ ತೆರೆದ ದಿನಾಂಕವೇ ಇರಲಿಲ್ಲ, ಪಕ್ಕದ ಪ್ರಯೋಗಾಲಯದಿಂದ ಹೊಸದನ್ನು ಕೇಳಿ ತಂದೆ. ಇವತ್ತಿಗೆ ಹನ್ನೊಂದನೇ ದಿನ: ಪಿಎಚ್ 7.5ರಲ್ಲಿ ಶೇ. 16 ತಿಳಿಯಾಗಿದೆ, 20ರಲ್ಲಿ ತೆಳ್ಳನೆಯ ಗಸಿ. ನಾಳೆ 16ರಿಂದ 20ರ ನಡುವೆ ಒಂದೊಂದೇ ಶೇಕಡಾ ಏರಿಸಿ ಎರಡನೇ ತಟ್ಟೆ ಇಡುತ್ತೇನೆ. ಅಣುತೂಕವನ್ನು ಇದರಲ್ಲೇ ಬದಲಿಸಲೇ, ಇದು ಮುಗಿದ ಮೇಲೆಯೇ?

ಸಾಧನಕೇರಿ:
ಅರ್ಧ ತಟ್ಟೆ 3350, ಇನ್ನರ್ಧ 8000. ಆದರೆ 8000ವನ್ನು ಶೇ. 10ರಿಂದ ಆರಂಭಿಸು. ಎಲ್ಲಾ ಹನಿಗಳ ಚಿತ್ರವನ್ನು ಮೊದಲ ದಿನವೇ ತೆಗೆದಿಡು.